ಪಾಚಿ ತೆಗೆಯಲು ಬೇಡಿದ ಎಂಟು ದಿನ

ಹಾನಗಲ್ಲಿನ ನಮ್ಮ ಹಿತ್ತಲಲ್ಲಿ ಕುಳಿತು, ಕಲ್ಲುಬಾನಿಯ ನೀರಿನಲ್ಲಿ ಉಳಿದಿದ್ದ ಪಾಚಿಯನ್ನು ಜೋಳದ ದಂಟಿಗೆ ಸುತ್ತಿ ಎಳೆಯುತ್ತಿದ್ದೆ. ಆಗ ಹಿರೇಬೆಂಡಿಗೇರಿಯಿಂದ ಅಳಿಯನ ಅಣ್ಣ ಬಂದರು. ಕಾಲಿಗೆ ನೀರು ಕೊಟ್ಟೆ. ತೊಗೊಳ್ಳಲಿಲ್ಲ.

“ಹೆರಿಗಿ ಆತ್ರಿ ಅತ್ತಿ. ಕೂಸು ಐತ್ರಿ.”

“ಎಂಟನೇ ತಿಂಗಳದಾಗ? ನನ್ನ ಮಗಳು ಹೆಂಗದಾಳ?”

“ಕೂಸು ಐತ್ರಿ” ಎಂದು ಇನ್ನೊಮ್ಮೆ ಅಂದು, ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡರು.

ಆ ಬಾನಿ ಮಗಳದು. ಮದುವೆಗೆ ಮೊದಲು ಕೆರೆಯ ಕೆಸರು ತಂದು ತಳಕ್ಕೆ ಹಾಕಿ ನೈದಿಲೆ ನೆಟ್ಟಿದ್ದಳು, ಬೆರಳುದ್ದದ ನಾಲ್ಕು ಮೀನು ಬಿಟ್ಟಿದ್ದಳು. ಗಂಡನ ಮನೆಗೆ ಹೋಗುವಾಗ ನನಗೆ ಒಪ್ಪಿಸಿದಳು. ನಾನು ದಿನಾ ಲಿಂಗಪೂಜೆ ಮುಗಿಸಿ, ಉಣ್ಣುವ ಮೊದಲು, ಮೂಕ ಜೀವಕ್ಕೆ ಅಂತ ಒಂದು ಹಿಡಿ ನುಚ್ಚು ಬಾನಿಗೆ ಹಾಕುತ್ತಿದ್ದೆ. ಪುಣ್ಯ ಅಂದುಕೊಂಡಿದ್ದೆ. ನಾಲ್ಕು ಮೀನು ಎಷ್ಟು ತಿಂದಾವು? ಉಳಿದದ್ದು ಕೊಳೆತು ನೀರು ಹಸಿರಾಯಿತು. ಎಲೆಗೆಲ್ಲ ಪಾಚಿ, ನಮ್ಮ ಮಾತಿನ ಹಾವಸಿ, ಕೂದಲಿನಂತೆ ಹಬ್ಬಿತು. ತೆಂಗಿನ ನಾರಿನಿಂದ ಕಲ್ಲು ತಿಕ್ಕಿದೆ, ಅರ್ಧ ನೀರು ಚೆಲ್ಲಿ ಹೊಸದು ತುಂಬಿದೆ. ಮೂರೇ ದಿನಕ್ಕೆ ಮತ್ತೆ ಹಾಜರು.

ಬಸಿರಿನ ಐದನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಲು ಹೋದಾಗ ಮಗಳು ಮೊದಲು ಕೇಳಿದ್ದು, “ನನ್ನ ಮೀನು ಹೆಂಗದಾವಬೇ?”

“ನೀರು ಕನ್ನಡಿ ಇದ್ದಂಗ ಐತಿ” ಎಂದು ಸುಳ್ಳು ಹೇಳಿ ಬಂದೆ.

ಅದು ಲಡಾಯಿಯ ಕಾಲ, ಮೋಟಾರು ಬಸ್ಸಿಗೆ ಎಣ್ಣೆ ಇರಲಿಲ್ಲ. ಏಳನೆಯ ತಿಂಗಳ ಕೊನೆಗೆ, ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಲು ನಮ್ಮ ಮನೆಯವರು ಚಕ್ಕಡಿ ಸಿದ್ಧ ಮಾಡಿದರು. ನಾನೇ ತಡೆದೆ.

“ಈ ಸೋಮವಾರ ಬ್ಯಾಡ್ರಿ. ಎಂಟು ದಿನ ಕೊಡ್ರಿ, ಹಾವಸಿ ತಗೀತೇನಿ.”

“ಆಕಿ ತನ್ನವ್ವನ್ನ ನೋಡಾಕ ಬರಾಕತ್ತಾಳ. ನಿನ್ನ ಬಾನಿನ್ನಲ್ಲ” ಎಂದು ನಕ್ಕರು. ಆದರೂ ಹೊರಡದೆ ನಿಂತರು.

ಆ ವಾರವೇ ನೆರೆಮನೆಯ ಮುದುಕಿ ಬಂದು ನೋಡಿ, “ಹಾವಸಿಗೆ ದಿನಾ ದಾಸೋಹ ನಡಸೀಯಲ್ಲಬೇ! ನುಚ್ಚು ನಿಲ್ಲಸು. ಬಿಸಲಿಗೆ ಮ್ಯಾಲೊಂದು ಚಾಪಿ ಹೊದಸು” ಎಂದು ಬೈದಳು. ಹಾಗೇ ಮಾಡಿದೆ. ನೀರು ತಿಳಿಯಾಗುತ್ತ ಬಂತು. ಮುಂದಿನ ಸೋಮವಾರ ಚಕ್ಕಡಿ ಹೋಯಿತು, ಬರಿದೇ ತಿರುಗಿ ಬಂತು. ಬೀಗರು ಕಳಿಸಿರಲಿಲ್ಲ: “ಎಂಟನೇ ತಿಂಗಳ ಹಿಡೀತ್ರಿ. ಎಂಟರಾಗ ಬಸರಿನ್ನ ಹೊಳಿ ದಾಟಸಬಾರದು. ಒಂಬತ್ತಕ್ಕ ಬರ್ರಿ.” ಈ ಮಾತು ನನಗೂ ಗೊತ್ತಿದ್ದದ್ದೇ. ನೀರಿನ ಮೇಲೆ ಕಣ್ಣಿಟ್ಟವಳು ತಿಂಗಳು ಮರೆತಿದ್ದೆ.

ಅಳಿಯನ ಅಣ್ಣನ ಬೆನ್ನಿಗೇ ಹೊರಟು ನಾವು ಹಿರೇಬೆಂಡಿಗೇರಿ ಮುಟ್ಟಿದಾಗ ಮಗಳ ಹೆಣಕ್ಕೆ ವಿಭೂತಿ ಹಚ್ಚಿ ಕೂಡಿಸಿದ್ದರು. ಮಣ್ಣಿಗೆ ಮೊದಲು ಮುಖ ನೋಡಲು ಸಿಕ್ಕಿತು, ಅಷ್ಟಾದರೂ ಶಿವ ಕೊಟ್ಟ. ಬಹಳ ಹೊತ್ತು ನರಳಲಿಲ್ಲವಂತೆ, ಅದೂ ಅವನ ಕೃಪೆಯೇ. ತವರಿನಲ್ಲಿದ್ದರೂ ಇಷ್ಟೇ ಆಗುತ್ತಿತ್ತು ಎಂದು ಸೂಲಗಿತ್ತಿ ಆಣೆಯಿಟ್ಟಳು. ಇರಬಹುದು. ಆದರೆ ಕೊನೆಗೆ ನನ್ನನ್ನೇ ಕೂಗಿದಳಂತೆ. ಓಗೊಡಲು ನಾನು ಅಲ್ಲಿರಲಿಲ್ಲ.

ಕೂಸನ್ನು ಎದೆಗೆ ಕಟ್ಟಿಕೊಂಡು ಊರಿಗೆ ಬಂದೆ. ಹೆಣ್ಣು, ಒಂದು ಮೊಳದಷ್ಟೂ ಉದ್ದವಿಲ್ಲ. ಅಳುವಷ್ಟು ತ್ರಾಣ ಇತ್ತು, ಅದೊಂದು ಪುಣ್ಯ.

“ಒಂದಿಷ್ಟು ಕುಂದರ” ಎಂದರು ಮನೆಯವರು. ಕುಂತರೆ ಮತ್ತೆ ಏಳಲಾರೆ ಅನಿಸಿತು. ಒಲೆ ಹೊತ್ತಿಸಿ, ಆಡಿನ ಹಾಲಿಗೆ ನೀರು ಬೆರೆಸಿ ಕಾಯಲಿಟ್ಟೆ. ಅದ್ದಿ ಚೀಪಿಸಲು ಹಳೆಯ ಧೋತರದ ತುಂಡೊಂದನ್ನು ಹರಿದು ಕುದಿಸತೊಡಗಿದೆ.