ಲಾರಿಯ ಅರ್ಥ ಮತ್ತು ಮೇಷ್ಟ್ರ ಪಂಚೆ

ಇವತ್ತು ಒಗೆದ ಬಟ್ಟೆಯಲ್ಲಿ ಅದಿರಿನ ಕೆಂಪು ಧೂಳಿನ ವಾಸನೆ ಬಂತು. ಗಾದಿಗನೂರಿನ ಶಾಲೆ ನೆನಪಾಯಿತು.

ಆಗ ಅದಿರಿನ ಗಾಡಿ ಸದ್ದು ಕೇಳಿದರೆ ಅವ್ವ "ಲಾರಿ!" ಎಂದು ಕೂಗುತ್ತಿದ್ದಳು. ನಾನು ಓಡಿ ಒಣಹಾಕಿದ ಬಟ್ಟೆ ಎತ್ತಬೇಕಿತ್ತು. ಇಲ್ಲದಿದ್ದರೆ ಶಾಲೆಗಿದ್ದ ಒಂದೇ ಬಿಳಿ ಅಂಗಿ ಕೆಂಪಾಗುತ್ತಿತ್ತು.

ಒಂದು ದಿನ ತರಗತಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಲಾರಿ ಪದದ ಅರ್ಥ ಕೇಳಿದರು.

"ಬಟ್ಟಿ ಒಳಗ ತರೋದ್ರಿ ಸಾರ್" ಎಂದೆ.

"ಭಾರ ಹೊರೋ ಗಾಡಿ ಅಲ್ಲೇನವಾ? ಹತ್ತು ಬೆಂಚಿನ ಮ್ಯಾಲ!"

ಬೆಂಚು ಹತ್ತಿದ್ದರಿಂದ ಕಿಟಕಿಯಾಚೆ ಬರುತ್ತಿದ್ದ ಲಾರಿ ನನಗೇ ಮೊದಲು ಕಂಡಿತು.

"ಸಾರ್, ಲಾರಿ!"

ಶಾಲೆಯಲ್ಲೇ ಉಳಿಯುತ್ತಿದ್ದ ಮೇಷ್ಟ್ರು ಪುಸ್ತಕ ಬಿಸಾಕಿ, ಅಂಗಳದಲ್ಲಿ ಒಣಗುತ್ತಿದ್ದ ತಮ್ಮ ಬಿಳಿ ಪಂಚೆಯತ್ತ ಓಡಿದರು. ವಾಪಸ್ ಬಂದು ಅದನ್ನು ಮಡಚುತ್ತ, "ಇಳಿಯವಾ, ನಿಂದೂ ಖರೇನ ಐತಿ" ಎಂದರು.

ಅವ್ವ ತೀರಿಹೋಗಿ ತಿಂಗಳಾಯಿತು. ಇವತ್ತು ಲಾರಿ ಬಂದಾಗ ಯಾರೂ ಕೂಗಲಿಲ್ಲ. ಬಟ್ಟೆಗಳನ್ನು ಮತ್ತೆ ನೆನೆಹಾಕಿದ್ದೇನೆ.