ತಕ್ಕಡಿಯಲ್ಲಿ ಕೂತ ಜಂಬಮ್ಮ

ಅಡ್ಡಹೆಸರು ಇಡುವುದೆಂದರೆ ಕಂಪ್ಲಿಯ ಜನಕ್ಕೆ ಊಟಕ್ಕಿಂತ ಇಷ್ಟ. ಅಕ್ಕಿ ಗಿರಣಿಯ ಕೊಟ್ರಬಸಪ್ಪನ ಹೆಂಡತಿ ಜಂಬಮ್ಮನಿಗೆ ಅವರು ‘ಹಾರೋ ಜಂಬಮ್ಮ’ ಎಂದು ಹೆಸರಿಟ್ಟರು. ಆಕೆ ನೆಲ ಬಿಟ್ಟು ಮೇಲೆದ್ದದ್ದು ಗಿರಣಿಯ ತಕ್ಕಡಿಯಲ್ಲಿ ಮಾತ್ರ, ಅದೂ ಮೊಳದಷ್ಟು ಎತ್ತರ. ಆದರೂ ಹೆಸರು ಸಾಯುವ ತನಕ ಅಂಟಿಕೊಂಡಿತು. ಆ ಹೆಸರು ಕೇಳಿದಾಗ ತನಗೆ ಸಿಟ್ಟು ಬರುತ್ತದೋ ಹೆಮ್ಮೆಯಾಗುತ್ತದೋ, ಆಕೆಗೇ ಗೊತ್ತಾಗುತ್ತಿರಲಿಲ್ಲ.

ಜರ್ಮನಿ ಯುದ್ಧ ಮುಗಿದ ಹೊಸತು. ಪಾಪಿನಾಯಕನಹಳ್ಳಿಯಿಂದ ಸೊಸೆಯಾಗಿ ಬಂದ ಜಂಬಮ್ಮನಿಗೆ ಮದುವೆಯಾಗಿ ಹತ್ತು ವರ್ಷ ದಾಟಿದ್ದರೂ ಮಕ್ಕಳಾಗಿರಲಿಲ್ಲ. ಅತ್ತೆ ಮರುಳಸಿದ್ದಮ್ಮ ಕೆಟ್ಟವಳೇನಲ್ಲ. ಸೊಸೆಯ ತಲೆ ಬಾಚುತ್ತಲೇ, ಮಗನಿಗೆ ಇನ್ನೊಂದು ಮದುವೆ ಮಾಡಲು ಹೊಸಪೇಟೆಯಲ್ಲಿ ಹುಡುಗಿ ನೋಡಿರುವ ಸುದ್ದಿಯನ್ನೂ ಹೇಳುತ್ತಿದ್ದಳು. ಕೊಟ್ರಬಸಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅವನ ತಲೆಯಲ್ಲಿ ಆಗ ಬೇರೆಯದೇ ತುಂಬಿಕೊಂಡಿತ್ತು.

ಹೊಸಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯಲ್ಲಿ ಅವನು ವಿಮಾನದ ಚಿತ್ರ ನೋಡಿದ್ದ. ಓದಲು ಬರಲಿಲ್ಲ, ಅದೇ ದೊಡ್ಡ ಅನಾಹುತವಾಯಿತು. ಓದಲು ಬಂದಿದ್ದರೆ ಅದು ಎಷ್ಟು ಕಷ್ಟದ ಕೆಲಸವೆಂದು ತಿಳಿದು ಸುಮ್ಮನಿರುತ್ತಿದ್ದನೇನೋ. ಹಂಪಿಯ ಬಂಡೆಗಳ ಮೇಲೆ ಬಿಸಿಲಲ್ಲಿ ಕೂತು ಹದ್ದುಗಳು ರೆಕ್ಕೆ ಬಡಿಯದೆ ತೇಲುವುದನ್ನು ನೋಡಿದ. ಸಂಡೂರಿನ ಗುಡ್ಡದಿಂದ ಬಿದಿರು ತರಿಸಿದ. ಮಗ್ಗದ ಬಟ್ಟೆಗೆ ಗಂಜಿ ಹಾಕಿ ಹಾಕಿ ಹಪ್ಪಳದಂತೆ ಬಿರುಸು ಮಾಡಿಸಿದ. ಭತ್ತದ ಕೋಣೆಯ ಸುಣ್ಣದ ಗೋಡೆಯ ತುಂಬ ಇದ್ದಿಲಿನಲ್ಲಿ ಹಾರುವ ಯಂತ್ರದ ನಕ್ಷೆ ಬರೆದ. ಎಂಜಿನ್ನಿನ ಗೊಡವೆಯಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ದಂಡೆಯ ಕೋಟೆಯ ಬುರುಜಿನ ಮೇಲಿಂದ ನೂಕಿದರೆ ಗಾಳಿಯೇ ಅದನ್ನು ಹೊತ್ತು ಮರಳಿನ ಮೇಲೆ ಇಳಿಸಬೇಕು, ಅಷ್ಟೆ. ಒಂದೇ ತೊಡಕಿತ್ತು. ಗಿರಣಿಯ ಸಾಹುಕಾರನ ಮೈ ಗಿರಣಿಯ ಸಾಹುಕಾರನ ಮೈಯಂತೆಯೇ ಇತ್ತು. ಆ ರೆಕ್ಕೆ ಅವನನ್ನು ಎತ್ತುವುದು ಸಾಧ್ಯವೇ ಇರಲಿಲ್ಲ.

ಒಂದು ದಿನ ಊಟಕ್ಕೆ ಕೂತವನು ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮನ್ಯಾಗ ನಿನ್ನಷ್ಟು ಹಗುರ ಯಾರಿದಾರ? ನೀನ ಕುಂದ್ರಬೇಕು,” ಅಂದ.

ಜಂಬಮ್ಮ ಬಡಿಸುವುದನ್ನು ಮರೆತು ನಿಂತಳು. ಇದು ಹೊಗಳಿಕೆಯೋ ಸಾವಿಗೆ ಕೊಟ್ಟ ಕರೆಯೋ? ಬಂಜೆ ಹೆಂಡತಿ ಬುರುಜಿನಿಂದ ಬಿದ್ದರೆ ಹೊಸಪೇಟೆಯ ಹುಡುಗಿಗೆ ದಾರಿ ಸಲೀಸು ಎಂಬ ಯೋಚನೆಯೂ ಬಂತು. ಆದರೆ ಗಂಡನ ಮುಖದಲ್ಲಿ ಅಂಥ ಜಾಣತನ ಇರಲಿಲ್ಲ. ಅವನು ಅವಳ ತೂಕವನ್ನೇ ಯೋಚಿಸುತ್ತಿದ್ದ.

ಆಮೇಲೆ ವಾರಕ್ಕೊಮ್ಮೆ, ಆಳುಗಳು ಬುತ್ತಿ ಬಿಚ್ಚಲು ಹೋದ ಹೊತ್ತಿನಲ್ಲಿ, ಜಂಬಮ್ಮ ಗಿರಣಿಯ ದೊಡ್ಡ ತಕ್ಕಡಿ ಹತ್ತಿದಳು. ತೊಲೆಗೆ ತೂಗುಬಿಟ್ಟ ತಕ್ಕಡಿ. ಭತ್ತ ತೂಗುವ ಸುಂಕಪ್ಪ, ಸಾಹುಕಾರರ ಹೆಂಡತಿಯನ್ನು ನೋಡಬಾರದೆಂದು ಮುಖ ಆಚೆ ತಿರುಗಿಸಿಕೊಂಡೇ ಎದುರಿನ ತಟ್ಟೆಗೆ ಕಲ್ಲು ಇಡುತ್ತಿದ್ದ. ಹಾಗಾಗಿ ಅರ್ಧದಷ್ಟು ಕಲ್ಲುಗಳು ಅವನ ಕಾಲ ಮೇಲೇ ಬೀಳುತ್ತಿದ್ದವು. ತೂಗಿದ ಮೇಲೆ ಗಂಡಹೆಂಡಿರು ಭತ್ತದ ಕೋಣೆಗೆ ಹೋಗುತ್ತಿದ್ದರು. ಅಲ್ಲಿ ಬಿದಿರಿನ ಚೌಕಟ್ಟು ತಯಾರಾಗುತ್ತಿತ್ತು. ಅದರ ನಡುವೆ ಜಂಬಮ್ಮನನ್ನು ಕೂರಿಸಿ ಎರಡು ಕೈಗೆ ಎರಡು ಹಗ್ಗ ಕೊಟ್ಟು, ಯಂತ್ರ ಬಲಕ್ಕೆ ವಾಲಿದರೆ ಎಡಗಡೆಯದನ್ನು ಎಳೆ, ಎಡಕ್ಕೆ ವಾಲಿದರೆ ಬಲಗಡೆಯದನ್ನು ಎಳೆ ಎಂದು ಕೊಟ್ರಬಸಪ್ಪ ಪಾಠ ಹೇಳುತ್ತಿದ್ದ. ತಾನೇ ಚೌಕಟ್ಟು ಹಿಡಿದು ಹೊಯ್ದಾಡಿಸುತ್ತಿದ್ದ. ಮೊದಮೊದಲು ಕೈ ತಪ್ಪುತ್ತಿತ್ತು. ಬರಬರುತ್ತ ಯೋಚಿಸುವ ಮೊದಲೇ ಕೈ ಎಳೆಯತೊಡಗಿತು.

ಹತ್ತು ವರ್ಷದಲ್ಲಿ ಅವನು ಅವಳೊಂದಿಗೆ ಆಡದಷ್ಟು ಮಾತು ಆ ಕೋಣೆಯಲ್ಲಿ ಆಡಿದ. ಹೆದರಿಕೆ ಯಾವಾಗ ಹೋಯಿತೋ ಜಂಬಮ್ಮನಿಗೆ ತಿಳಿಯಲಿಲ್ಲ. ರೊಟ್ಟಿ ಬಡಿಯುವಾಗಲೂ ಕೆಳಗೆ ಹೊಳೆ, ಮರಳು, ಅಂಬಿಗರ ಹರಿಗೋಲು ಕಾಣುತ್ತಿದ್ದವು. ತಾನು ಹಾರಬೇಕು. ಬೇರೆ ಯಾರೂ ಅಲ್ಲ, ತಾನೇ. ಇಂಥ ಆಸೆ ಒಬ್ಬ ಗೃಹಿಣಿಗೆ ಬರಬಹುದೋ ಬಾರದೋ ಎಂದು ಯಾರನ್ನು ಕೇಳುವುದು?

ಅಷ್ಟರಲ್ಲಿ ತೂಕ ಏರತೊಡಗಿತು.

ಸುಂಕಪ್ಪ ಒಂದು ಕಲ್ಲು ಹೆಚ್ಚಿಗೆ ಇಟ್ಟ, ಮುಂದಿನ ಸಲ ಇನ್ನೊಂದು. ಕೊಟ್ರಬಸಪ್ಪ ಹುಬ್ಬು ಗಂಟಿಕ್ಕಿದ. ಜಂಬಮ್ಮ ಒಂದು ರೊಟ್ಟಿ ಬಿಟ್ಟಳು, ಆಮೇಲೆ ರಾತ್ರಿಯ ಊಟವನ್ನೇ ಬಿಟ್ಟಳು. ವಾಂತಿ ಬಂದರೆ ಬುರುಜಿನ ಭಯ ಇನ್ನೂ ಒಳಗೆಲ್ಲೋ ಇದೆ ಅಂದುಕೊಂಡಳು; ತಿಂಗಳದ್ದು ನಿಂತರೆ ಉಪವಾಸಕ್ಕೆ ಅಂದುಕೊಂಡಳು. ಗಿರಣಿಯಲ್ಲಿ ಓಡಾಡುವಾಗ ಹಸಿ ಅಕ್ಕಿಯನ್ನು ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಅವಳ ಲೆಕ್ಕದಲ್ಲಿ ಊಟವಾಗಿರಲಿಲ್ಲ.

“ತಕ್ಕಡೀನ ಸುಳ್ಳು ಹೇಳಾಕತ್ತೈತಿ,” ಎಂದು ಕೊಟ್ರಬಸಪ್ಪ ಒಂದು ದಿನ ಗಿರಣಿಯ ಬಾಗಿಲಲ್ಲೇ ಕೂಗಾಡಿದ. ಗಿರಣಿ ನಡೆಸುವವನು ಆಡುವ ಮಾತೇ ಅದು? ಮರುದಿನ ಭತ್ತ ತಂದ ರೈತರೆಲ್ಲ ಚೀಲದ ಜೊತೆಗೆ ತಮ್ಮ ತಮ್ಮ ಮನೆಯ ತೂಕದ ಕಲ್ಲನ್ನೂ ತಂದಿದ್ದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಸುಂಕಪ್ಪನ ಗಂಟಲು ಕಟ್ಟಿತು.

ಅದೇ ಸಂಜೆ ಕೊಟ್ರಬಸಪ್ಪ ಹೆಂಡತಿಯ ಮುಖ ನೋಡದೆ, “ಹೊಸಪ್ಯಾಟಿ ಹುಡುಗಿ ಭಾಳ ಸಣ್ಣಾಕಿ ಅಂತ ಅವ್ವ ಅಂತಿದ್ಲು,” ಅಂದ. ಅವನು ರೆಕ್ಕೆಯ ಚಿಂತೆಯಲ್ಲಿ ಹೇಳಿದ್ದ, ನಿಜ. ಆದರೆ ಇಂಥ ಮಾತನ್ನು ಯಾವ ಚಿಂತೆಯಲ್ಲಿ ಹೇಳಿದರೇನು? ಜಂಬಮ್ಮ ಅಡುಗೆಮನೆಗೆ ಹೋಗಿ, ಹೊಟ್ಟೆ ಹಿಡಿದುಕೊಂಡು ಅತ್ತಳು. ಮನೆ ಕಳೆದುಕೊಳ್ಳುವ ದುಃಖವೋ ಆ ಚೌಕಟ್ಟು ಕಳೆದುಕೊಳ್ಳುವ ದುಃಖವೋ, ಬೇರ್ಪಡಿಸಿ ನೋಡಲು ಆಗಲಿಲ್ಲ.

ಮರುಳಸಿದ್ದಮ್ಮ ಬಂದು ಸೊಸೆಯನ್ನು ನೋಡಿದಳು. ಅಳುತ್ತಲೇ ಅಕ್ಕಿ ಅಗಿಯುತ್ತಿದ್ದ ಬಾಯಿಯನ್ನು ನೋಡಿದಳು. ಕಣ್ಣ ರೆಪ್ಪೆ ಎತ್ತಿದಳು, ಹೊಟ್ಟೆಯ ಮೇಲೆ ಕೈಯಿಟ್ಟಳು. ಪಡಸಾಲೆಗೆ ಬಂದು ಮಗನಿಗೆ, “ತಕ್ಕಡಿ ಸರಿಯಾಗೇ ಐತಿ ಬಸಪ್ಪ. ಅದರಾಗ ಕುಂತೋರು ಒಬ್ರಲ್ಲ, ಇಬ್ರು,” ಅಂದಳು.

ಹೊಸಪೇಟೆಯ ಹುಡುಗಿಯ ಮಾತು ಅಲ್ಲಿಗೆ ಮುಗಿಯಿತು. ಮರುಳಸಿದ್ದಮ್ಮ ತಕ್ಕಡಿಯ ಕತೆಯನ್ನೂ ಸೇರಿಸಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಕೊಟ್ರಬಸಪ್ಪ ಕಣ್ಣೊರೆಸಿಕೊಂಡ; ಅಪ್ಪನಾಗುವ ಸಂತೋಷದ ಜೊತೆಗೆ ಗಿರಣಿಯ ಮಾನ ಉಳಿದ ಸಂತೋಷವೂ ಸೇರಿತ್ತು. ಜಂಬಮ್ಮನೂ ನಕ್ಕಳು. ಹತ್ತು ವರ್ಷ ಕಲ್ಲು ದೇವರಿಗೆಲ್ಲ ಕೈಮುಗಿದು ಬೇಡಿದ್ದು ಇದನ್ನೇ ಅಲ್ಲವೇ? ಮತ್ತೆ ಯಾಕೆ ಎದೆಯೊಳಗೆ ಏನೋ ಮುರಿದಂತಾಗುತ್ತಿದೆ? ಭತ್ತದ ಕೋಣೆಗೆ ಅತ್ತೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಾಗ, ತಾನು ತಾಯಿಯಾಗಲು ಲಾಯಕ್ಕಲ್ಲದವಳೇನೋ ಎಂದು ಜಂಬಮ್ಮ ಹೆದರಿದಳು. ಆ ಹೆದರಿಕೆ ಸುಳ್ಳು. ಮುಂದೆ ಹುಟ್ಟಿದ ಮಗಳನ್ನು ಅವಳು ಸಾಕಿದಷ್ಟು ಅಕ್ಕರೆಯಿಂದ ಕಂಪ್ಲಿಯಲ್ಲಿ ಯಾರೂ ಸಾಕಲಿಲ್ಲ. ಆದರೆ ಆಗ ಅವಳಿಗೆ ಅದನ್ನು ಹೇಳುವವರು ಯಾರಿದ್ದರು?

ಬೇಸಿಗೆ ಬಂತು, ಹೊಳೆ ಬತ್ತಿತು, ಗಾಳಿ ಎದ್ದಿತು. ಕೊಟ್ರಬಸಪ್ಪನಿಗೆ ಇನ್ನೊಂದು ವರ್ಷ ಕಾಯುವ ತಾಳ್ಮೆ ಇರಲಿಲ್ಲ. ಹೆಂಡತಿಯ ಮೊದಲಿನ ತೂಕದಷ್ಟು ಅಕ್ಕಿಯನ್ನು ಒಂದು ಚೀಲಕ್ಕೆ ತುಂಬಿಸಿ, ಅವಳು ಕೂರುವ ಜಾಗದಲ್ಲಿ ಕಟ್ಟಿಸಿದ. ಊರಿಗೆ ಊರೇ ಹೊಳೆಯ ದಂಡೆಯಲ್ಲಿ ನೆರೆಯಿತು. ತುಂಬಿದ ಬಸುರಿ ಜಂಬಮ್ಮ ಅತ್ತೆಯ ಪಕ್ಕದಲ್ಲಿ ಮರಳಿನ ಮೇಲೆ ನಿಂತಿದ್ದಳು.

ಬುರುಜಿನ ಮೇಲಿಂದ ನೂಕಿದರು. ಯಂತ್ರ ಒಮ್ಮೆ ಕುಸಿದು, ತಡೆದು, ತೇಲಿತು. ನಿಜವಾಗಿ ತೇಲಿತು. ಜನದ ಬಾಯಿ ತೆರೆದದ್ದು ತೆರೆದಂತೇ ಇತ್ತು. ಅದರ ನೆರಳು ಮರಳಿನ ಮೇಲೆ ಹಾದು ಬರುವಾಗ ಜಂಬಮ್ಮನ ಎರಡೂ ಮುಷ್ಟಿ ತಾವಾಗಿಯೇ ಬಿಗಿದವು. ಅಷ್ಟರಲ್ಲಿ ಬಲರೆಕ್ಕೆ ವಾಲಿತು. ವಾಲುತ್ತಲೇ ಹೋಯಿತು. ಯಂತ್ರ ಓರೆಯಾಗಿ ತಿರುಗಿ ದಡದ ಬಂಡೆಗೆ ಬಡಿದು ಪುಡಿಯಾಯಿತು. ಚೀಲ ಒಡೆದು ಅಕ್ಕಿ ಚೆಲ್ಲಿತು. ಹೆಂಗಸರು ಸೆರಗು ಒಡ್ಡಿಕೊಂಡು ಓಡಿದರು.

ಎಲ್ಲರೂ ಜಂಬಮ್ಮನ ಕಡೆ ತಿರುಗಿದರು. ಹೊಟ್ಟೆಯ ಕೂಸೇ ನಿನ್ನನ್ನು ಉಳಿಸಿತು, ನೀನು ಅದರಲ್ಲಿ ಕೂತಿದ್ದರೆ ಏನು ಗತಿಯಾಗುತ್ತಿತ್ತು ಎಂದರು. ಮರುಳಸಿದ್ದಮ್ಮ ಸೊಸೆಯ ಕೆನ್ನೆ ಸವರಿ ನೆಟಿಕೆ ಮುರಿದಳು. ಜಂಬಮ್ಮ ಹೌದೆಂದು ತಲೆಯಾಡಿಸಿದಳು. ಆಮೇಲೆ, ಮುರಿದ ಬಿದಿರಿನ ನಡುವೆ ತಲೆಗೆ ಕೈಹೊತ್ತು ಕೂತ ಗಂಡನ ಬಳಿಗೆ ನಿಧಾನವಾಗಿ ನಡೆದುಹೋದಳು.

“ಚೀಲಕ್ಕ ಕೈ ಇರ್ಲಿಲ್ರಿ,” ಅಂದಳು. “ನಾ ಇದ್ದಿದ್ರ ಹಗ್ಗ ಎಳೀತಿದ್ನಿ.”

ಕೊಟ್ರಬಸಪ್ಪ ತಲೆ ಎತ್ತಿದ. ಸಿಟ್ಟು ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಯಾವ್ದು?” ಎಂದು ಕೇಳಿದ.

“ಎಡಗಡೇದು.”

ಅವನು ಬುರುಜನ್ನು ನೋಡಿದ. ಅಂಗೈಯನ್ನು ರೆಕ್ಕೆಯಂತೆ ಚಾಚಿ ಬಲಕ್ಕೆ ವಾಲಿಸಿದ, ಮತ್ತೆ ಮೆಲ್ಲಗೆ ನೆಟ್ಟಗೆ ಮಾಡಿದ. “ಹೌದು,” ಅಂದ, “ಎಡಗಡೇದ.”

ಜಂಬಮ್ಮ ಅವನ ಪಕ್ಕದಲ್ಲೇ ಬಿಸಿ ಮರಳಿನ ಮೇಲೆ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಗೊಳೋ ಎಂದು ಅತ್ತಳು. ಯಂತ್ರ ಹೋದದ್ದಕ್ಕೆ ಪಾಪ ಗಂಡನಿಗಿಂತ ಈಕೆಗೇ ಹೆಚ್ಚು ದುಃಖವೆಂದು ಜನ ಮಾತಾಡಿಕೊಂಡರು, ಯಾರೋ ಕುಡಿಯಲು ನೀರು ತಂದರು.