ಕುದುರೆಯ ಕಿವಿಗಾಗಿ ಕಾಯುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಓಟದ ಅಂಗಳದ ಬಿಳಿ ಬೇಲಿಯ ಪಕ್ಕ, ಒದ್ದೆ ಹುಲ್ಲಿನ ಮೇಲೆ ಗೋಣಿಚೀಲ ಹಾಸಿಕೊಂಡು ಫೋಟೋ ಅಕ್ಕ ಮಂಡಿಯೂರಿ ಕುಳಿತಿದ್ದಾರೆ. ತಿರುವಿನಾಚೆ ಗೊರಸಿನ ಸದ್ದು. ಅಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಕುದುರೆ ಎಲ್ಲಿದೆ ಎಂದು ಕತ್ತು ಉದ್ದ ಮಾಡುವಷ್ಟರಲ್ಲಿ ಅದು ನಮ್ಮೆದುರು ಹಾದು, ನನ್ನ ಇಸ್ತ್ರಿ ಅಂಗಿಗೆ ಮಣ್ಣು ಎರಚಿ, ಹೋಗಿಯೂ ಆಗಿದೆ.

"ಕಾಲು ನೋಡಿದ್ರಾ?" ಎಂದು ಅಕ್ಕ ಕೇಳುತ್ತಾರೆ. ನನಗೆ ಕಂಡದ್ದು ಬಾಲ ಮಾತ್ರ.

"ನಾಲ್ಕೂ ಕಾಲು ಹೊಟ್ಟೆ ಕೆಳಗೆ ಸೇರಿ ನೆಲ ಬಿಟ್ಟಿರುತ್ತೆ, ಆಗ ಒತ್ತಬೇಕು. ಅದಕ್ಕಿಂತ ಮುಖ್ಯ ಕಿವಿ. ಮುಂದಕ್ಕೆ ನೆಟ್ಟಗಿರಬೇಕು. ಹಿಂದಕ್ಕೆ ಮಡಚಿಕೊಂಡಿದ್ರೆ ಕುದುರೆ ಸಿಡುಕಿನ ಥರ ಕಾಣುತ್ತೆ. ಸಾಕಿದೋರಿಗೆ ಇಷ್ಟ ಆಗಲ್ಲ."

ಹದಿನೆಂಟು ವರ್ಷಗಳಿಂದ ಇದೇ ಕೆಲಸ. ಬೆಳಿಗ್ಗೆ ಮೂರು ಗಂಟೆಯ ಅವಧಿಯಲ್ಲಿ ಹದಿನೈದು ಕುದುರೆ, ಒಂದೊಂದಕ್ಕೆ ಸುಮಾರು ನಲವತ್ತು ಫೋಟೋ. ಅದರಲ್ಲಿ ಎರಡನ್ನು ಆರಿಸಿ, ದೂರದೂರುಗಳಲ್ಲಿರುವ ಕುದುರೆಗಳ ಒಡೆಯರಿಗೆ ಕಳಿಸಬೇಕು. ಚಿತ್ರದ ಮೂಲೆಯಲ್ಲಿ ಲಾಯದ ಹೆಸರಿರುತ್ತದೆ. ತೆಗೆದವರು ಯಾರೆಂದು ಈವರೆಗೆ ಒಬ್ಬರೂ ಕೇಳಿಲ್ಲ.

ಅಕ್ಕನ ಯಜಮಾನರದು ಒಂದು ಕಾಲಕ್ಕೆ ಪೇಟೆಬೀದಿಯಲ್ಲಿ ಸ್ಟುಡಿಯೋ. ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಅದರ ಬಾಗಿಲು ಮುಚ್ಚಿತು. ಅವರ ಬೆನ್ನು ಕೈಕೊಟ್ಟಿದ್ದರಿಂದ ಕ್ಯಾಮೆರಾ ಅಕ್ಕನ ಹೆಗಲಿಗೆ ಬಂತು. "ಮೊದಲ ತಿಂಗಳು ಬರೀ ಬಾಲ ಸಿಗ್ತಿತ್ತು, ನಿಮ್ಮ ಹಾಗೇ," ಎಂದು ನನ್ನ ಕಾಲೆಳೆಯುತ್ತಾರೆ. ಒಮ್ಮೆ ಗೊರಸಿನಿಂದ ಸಿಡಿದ ಕಲ್ಲು ಹುಬ್ಬಿಗೆ ಬಡಿದು ನಾಲ್ಕು ಹೊಲಿಗೆ ಬಿದ್ದಿದ್ದವು. ಮೂರನೇ ದಿನ ಬೇಲಿಯ ಹತ್ತಿರ ಹಾಜರು.

ಚಿತ್ರ ತಿದ್ದುವುದನ್ನು ಕಲಿಸಿದವರೂ ಯಜಮಾನರೇ. ಅವರ ಕೈ ತುಸು ಧಾರಾಳ. ಒಬ್ಬ ಮದುಮಗನ ಕೆನ್ನೆಯ ಮಚ್ಚೆ, ಗಲ್ಲದ ಗುಳಿ ಎರಡನ್ನೂ ಅಳಿಸಿಹಾಕಿ, ಅವನ ತಾಯಿ "ಹುಡುಗಿ ನಮ್ಮ ಸೊಸೆನೇ, ಪಕ್ಕದಲ್ಲಿರೋನು ಯಾರಪ್ಪ?" ಎಂದು ಕೇಳುವಂತೆ ಮಾಡಿದ್ದರಂತೆ. ಅಕ್ಕ ಅಷ್ಟು ದೂರ ಹೋದವರಲ್ಲ. ಕಾಲುಗಳು ಸೊಗಸಾಗಿ ಬಂದು ಕಿವಿ ಕೆಟ್ಟಿದ್ದರೆ, ಅದೇ ಕುದುರೆಯ ಇನ್ನೊಂದು ದಿನದ ಕಿವಿ ತಂದು ಕೂರಿಸುತ್ತಾರೆ. "ಅವಳ ಕಿವಿ ಅವಳಿಗೇ ಹಾಕಿದ್ರೆ ಏನು ತಪ್ಪು ಹೇಳಿ?" ಎನ್ನುತ್ತಾರೆ. ತಪ್ಪೇನೂ ಇಲ್ಲ ಎಂದು ನಾನೂ ತಲೆಯಾಡಿಸಿದೆ.

ಅರ್ಧ ಗಂಟೆಯೊಳಗೆ ಹಾಗೆ ತಲೆಯಾಡಿಸಿದ್ದು ನನಗೇ ಮುಳ್ಳಾಗುತ್ತದೆ. ಲಾಯದಲ್ಲಿ ಗೊಂಬೆ ಎಂಬ ಕೆಂಚು ಹೆಣ್ಣುಕುದುರೆ ನಾಲ್ಕು ದಿನದಿಂದ ಮುಂಗಾಲು ಊರುತ್ತಿಲ್ಲ. ಎಕ್ಸ್‌ರೇಯಲ್ಲೂ ಸ್ಪಷ್ಟವಾಗಿ ಏನೂ ತಿಳಿದಿಲ್ಲ. ಕುದುರೆ ಡಾಕ್ಟರು ಅಕ್ಕ ತೆಗೆದ ಅದರ ಮೂರು ತಿಂಗಳ ಫೋಟೋಗಳನ್ನು ತರಿಸಿ ಮೇಜಿನ ಮೇಲೆ ಹರಡಿಕೊಂಡಿದ್ದಾರೆ.

"ಹೊಸ ನೋವಾದ್ರೆ ಒಂದು ತಿಂಗಳು ವಿಶ್ರಾಂತಿ ಸಾಕು, ಮತ್ತೆ ಓಡ್ತಾಳೆ. ಹಳೇದಾದ್ರೆ ಓಡಿಸಲೇಬಾರದು, ಕಾಲು ಮುರಿಯುತ್ತೆ. ನೋವಿದ್ರೆ ಕುದುರೆ ಕಿವಿ ಹಿಂದಕ್ಕೆ ಮಡಚುತ್ತೆ. ಓಟದ ಜೋರಿಗೂ ಹಿಂದೆ ಹೋಗುತ್ತೆ, ಒಂದೆರಡು ಫೋಟೋ ನೋಡಿ ಹೇಳಕ್ಕಾಗಲ್ಲ. ಆದ್ರೆ ಇವಳು ಮೂರು ತಿಂಗಳೂ ಕಿವಿ ನಿಮಿರಿಸ್ಕೊಂಡೇ ಓಡಿದಾಳೆ," ಎನ್ನುತ್ತಾರೆ ಡಾಕ್ಟರು. "ಹೊಸ ನೋವೇ ಇರ್ಬೇಕು."

ಅಕ್ಕನಿಗೆ ಕೆಲಸ ಕೊಟ್ಟ ಲಾಯದ ಯಜಮಾನರು ಸಮಾಧಾನದ ನಿಟ್ಟುಸಿರು ಬಿಡುತ್ತಾರೆ. ಅಕ್ಕನ ಬಾಯಲ್ಲಿ ಬಿಸಿತುಪ್ಪ: ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಕೆಲಸ ಹೋಗಬಹುದು, ಹೇಳದಿದ್ದರೆ ಗೊಂಬೆಯ ಕಾಲು. ಅವರು ಒಮ್ಮೆ ನನ್ನ ಮುಖ ನೋಡಿ, ಚೀಲ ಎತ್ತಿಕೊಂಡು ಹೊರಗೆ ನಡೆಯುತ್ತಾರೆ. ನಾನೂ ಹಿಂದೆಯೇ ಹೋಗುತ್ತೇನೆ. ಅಲ್ಲೇ ನಿಂತು ಬಾಯಿಬಿಡಬೇಕಿತ್ತೋ ಏನೋ, ನನಗೆ ಈಗಲೂ ತಿಳಿಯದು.

ಮನೆಯಲ್ಲಿ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡು, ಕಪಾಟಿನಿಂದ ಒಂದು ಹಳೆಯ ಹಾರ್ಡ್‌ಡಿಸ್ಕ್ ತೆಗೆಯುತ್ತಾರೆ. ಹರಿದ ರಸೀದಿಯನ್ನೂ ಬಿಸಾಡದ ಮನುಷ್ಯ. ತಿದ್ದದ ಫೋಟೋಗಳನ್ನೆಲ್ಲ ಹೆಂಡತಿಗೂ ಹೇಳದೆ ತುಂಬಿಟ್ಟಿದ್ದಾರೆ. ಮೂವರೂ ಕಂಪ್ಯೂಟರಿನ ಮುಂದೆ ಕೂರುತ್ತೇವೆ. ಅಕ್ಕ ಕಿವಿ ಬದಲಾಯಿಸಿದ್ದು ಹತ್ತೇ ಹತ್ತು ಚಿತ್ರಗಳಲ್ಲಿ, ಒತ್ತಿದ ಕ್ಷಣದಲ್ಲೇ ಕಿವಿ ಹಿಂದೆ ತಿರುಗಿದವುಗಳಲ್ಲಿ. ಉಳಿದ ಎಲ್ಲದರಲ್ಲೂ ಗೊಂಬೆಯ ಕಿವಿಗಳು ತಾವಾಗಿಯೇ ನೆಟ್ಟಗಿವೆ.

"ರೀ, ಹಂಗಾದ್ರೆ ಅವಳಿಗೆ ನೋವೇ ಇರ್ಲಿಲ್ವಾ?"

"ಕಿವಿ ಹಿಂದೆ ಹೋದ್ರೆ ನೀನು ಒತ್ತೋದೇ ಇಲ್ವಲ್ಲೇ. ನಾನೇ ಹಾಗೆ ಕಲಿಸಿದ್ದು," ಎನ್ನುತ್ತಾರೆ ಯಜಮಾನರು.

ಅಕ್ಕ ಕುರ್ಚಿಯಿಂದಿಳಿದು ನೆಲದ ಮೇಲೆ ಕುಳಿತುಬಿಡುತ್ತಾರೆ. ತಿದ್ದಿದ ಚಿತ್ರ ಸುಳ್ಳು ಎಂದುಕೊಂಡು ಬಂದರೆ, ತಿದ್ದದ ಚಿತ್ರವೂ ಅದೇ ಸುಳ್ಳನ್ನು ಹೇಳುತ್ತಿದೆ. ನಲವತ್ತರಲ್ಲಿ ಎರಡನ್ನು ಆರಿಸುವುದು ತಿದ್ದುವುದಲ್ಲವೇ? ನಾನು ಇವರ ಮಾತುಗಳಲ್ಲಿ ನಾಲ್ಕನ್ನು ಆರಿಸಿ ಇಲ್ಲಿ ಬರೆಯುತ್ತಿರುವುದಕ್ಕೆ ಏನೆನ್ನಬೇಕು?

ಮರುದಿನ ಬೆಳಿಗ್ಗೆ ಅಕ್ಕ ಹಾರ್ಡ್‌ಡಿಸ್ಕನ್ನು ಡಾಕ್ಟರ ಮುಂದಿಟ್ಟು, ಲಾಯದ ಯಜಮಾನರ ಎದುರಿಗೇ ಎಲ್ಲ ಹೇಳುತ್ತಾರೆ. "ಹತ್ತು ಫೋಟೋದಲ್ಲಿ ಕಿವಿ ಬದಲಾಯಿಸಿದೀನಿ ಸಾರ್. ಮಿಕ್ಕಿದ್ದು ಮುಟ್ಟಿಲ್ಲ. ಆದ್ರೂ ನಂಬಬೇಡಿ. ಕಿವಿ ಮುಂದಿದ್ದಾಗ ಮಾತ್ರ ನಾನು ಒತ್ತೋದು."

ಡಾಕ್ಟರು ಒಂದೊಂದೇ ದಿನದ್ದನ್ನು ತೆರೆದು ನೋಡುತ್ತಾರೆ. ಆಮೇಲೆ ಚಿತ್ರ ಬಿಟ್ಟು, ದಿನಕ್ಕೆಷ್ಟು ಚಿತ್ರ ಎಂದು ಎಣಿಸತೊಡಗುತ್ತಾರೆ. ಮೊದಲು ದಿನಾ ನಲವತ್ತು. ಆಮೇಲೊಂದು ವಾರ ಇಪ್ಪತ್ತೈದು. ನಂತರ ಹದಿನಾಲ್ಕು. ಕೊನೆಗೆ ಒಂಬತ್ತು.

"ಗೊಂಬೇದು ಯಾಕಮ್ಮ ಇಷ್ಟು ಕಡಿಮೆ?"

"ಬೆಳಕು ಸರಿ ಇರ್ಲಿಲ್ವೇನೋ ಸಾರ್."

ಅದೇ ದಿನಗಳಲ್ಲಿ ಬೇರೆ ಎಲ್ಲ ಕುದುರೆಗಳದೂ ನಲವತ್ತಿವೆ. ಡಾಕ್ಟರು ಇಪ್ಪತ್ತೈದಕ್ಕೆ ಇಳಿದ ವಾರದ ಮೇಲೆ ಬೆರಳಿಡುತ್ತಾರೆ. ಅದಕ್ಕೆ ಈಗ ಒಂಬತ್ತು ವಾರ. "ಅವಳ ಕಿವಿ ಮುಂದೆ ಬರೋದು ಕಮ್ಮಿ ಆಗಿದ್ದು ಇಲ್ಲಿಂದ. ನೋವು ಹಳೇದೇ. ಇನ್ನು ಇವಳನ್ನ ಓಡಿಸೋ ಹಾಗಿಲ್ಲ."

ಲಾಯದ ಯಜಮಾನರು ಮೇಜಿನ ಮೇಲಿನ ಫೋಟೋಗಳನ್ನು ಒಟ್ಟುಮಾಡಿ ಬದಿಗೆ ಸರಿಸುತ್ತಾರೆ. ಏಳುವಾಗ "ನಾಳೆ ಬನ್ನಿ" ಎಂದಷ್ಟೇ ಹೇಳಿ ಹೋಗುತ್ತಾರೆ. ಕೆಲಸಕ್ಕೆ ಬನ್ನಿ ಎಂದೋ, ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬನ್ನಿ ಎಂದೋ ನಮಗಿಬ್ಬರಿಗೂ ಅರ್ಥವಾಗುವುದಿಲ್ಲ.

ಅಕ್ಕ ನೇರ ಗೊಂಬೆಯ ಬಳಿಗೆ ಹೋಗುತ್ತಾರೆ. ಅದು ಕಾಲು ಎತ್ತಿಹಿಡಿದು, ಕಿವಿಗಳನ್ನು ಹಿಂದಕ್ಕೆ ಮಡಚಿಕೊಂಡು ನಿಂತಿದೆ. ಅಕ್ಕ ಕ್ಯಾಮೆರಾ ಎತ್ತುತ್ತಾರೆ, ಇಳಿಸುತ್ತಾರೆ, ಮತ್ತೆ ಎತ್ತುತ್ತಾರೆ. ಬೆರಳು ಗುಂಡಿಯ ಮೇಲಿದ್ದರೂ ಕೆಳಗಿಳಿಯುತ್ತಿಲ್ಲ. ಕೊನೆಗೆ ಎಡಗೈಯನ್ನು ಬಲಗೈ ಬೆರಳಿನ ಮೇಲಿಟ್ಟು ಒಂದೇ ಒಂದು ಸಲ ಒತ್ತುತ್ತಾರೆ.

ಪತ್ರಿಕೆಗೆ ನಿಮ್ಮ ಯಾವ ಚಿತ್ರ ಕೊಡುತ್ತೀರಿ ಎಂದು ಕೇಳುತ್ತೇನೆ. ಅದನ್ನೇ ತೋರಿಸುತ್ತಾರೆ.

"ಚೆನ್ನಾಗಿ ಬಂದಿಲ್ಲ. ಇರ್ಲಿ, ಹೀಗೇ ಹಾಕಿ. ಒಂಬತ್ತು ವಾರ ನನ್ನ ಬೆರಳಿಗೆ ಗೊತ್ತಿತ್ತಂತೆ, ನನಗೇ ಗೊತ್ತಾಗ್ಲಿಲ್ಲ."